ಎಲೆ ತಿಂದ ಮೇಲೆ

ನಮ್ಮ ದಲಾಲರ ಎಡಗೈ ಹೆಬ್ಬೆರಳಿಗೆ ಒಂದಿಂಚು ಉಗುರಿತ್ತು. ಬೀಜಕ್ಕಂಟಿದ ಅರಳೆಯನ್ನು ಆ ಉಗುರಿನಿಂದ ಮೀಟಿ, ಎಳೆಯನ್ನು ಬೆಳಕಿಗೆ ಹಿಡಿದು, ಯಾವ ಊರ ಹತ್ತಿ ಎಂದು ಹೇಳಿಬಿಡುತ್ತಿದ್ದರು. ಅದನ್ನು ಕತ್ತರಿಸಿಕೊಳ್ಳಿರೆಂದು ಹೆಂಡತಿ ಎಷ್ಟು ಗೊಣಗಿದರೂ ಕಿವಿಗೆ ಹಾಕಿಕೊಂಡವರಲ್ಲ.

ಮೂವತ್ತರ ದಶಕದ ಕೊನೆಗೆ ನಾನು ಧಾರವಾಡದ ಕಾಲೇಜಿನಿಂದ ಶಿಗ್ಗಾಂವಿಗೆ ಬಂದದ್ದು ವಾಯದೆ ವ್ಯಾಪಾರದ ಮೇಲೆ ಪ್ರಬಂಧ ಬರೆಯಲು. ಬೆಳೆ ಹೊಲದಲ್ಲಿರುವಾಗಲೇ ದರ ಗೊತ್ತುಮಾಡಿ, ಸುಗ್ಗಿಯಲ್ಲಿ ಮಾಲು ಒಪ್ಪಿಸುವ ವ್ಯವಹಾರ ಅದು. ಕಾಗದವಿಲ್ಲದ ಕರಾರು ಕರಾರೇ ಅಲ್ಲವೆಂದು ಬರುವ ಮೊದಲೇ ತೀರ್ಮಾನಿಸಿದ್ದೆ. ತಲೆ ತುಂಬ ಪುಸ್ತಕ, ಕಾಲಡಿ ಹೊಸ ಸೈಕಲ್ಲು. ಸೊಕ್ಕಿಗೆ ಇನ್ನೇನು ಬೇಕು?

ಅಲ್ಲಿ ಹತ್ತಿ ವ್ಯಾಪಾರ ಕುದುರಿಸುತ್ತಿದ್ದ ಈ ದಲಾಲರು ನನ್ನನ್ನು ಹಿರೇಬೆಂಡಿಗೇರಿಯ ಒಬ್ಬ ಒಕ್ಕಲಗಿತ್ತಿಯ ಹತ್ತಿರ ಕಳಿಸಿದರು. ಹತ್ತಿಕಾಯಿ ಇನ್ನೂ ಒಡೆದಿರಲಿಲ್ಲ. ಒಂದು ದರ ಹೇಳಿ, ಸುಗ್ಗಿಗೆ ಇಷ್ಟು ಕೊಟ್ಟರೆ ಒಪ್ಪುತ್ತೀರಾ ಎಂದು ಕೇಳಿದೆ. ಉತ್ತರ ಬರೆದುಕೊಳ್ಳಲು ಪೆನ್ಸಿಲ್ ಚೂಪು ಮಾಡುತ್ತಿದ್ದಾಗ ಆಕೆ ಒಳಗೆ ಹೋಗಿ ಎಲೆ ಅಡಿಕೆ ತಂದು ಕೈಯಲ್ಲಿಟ್ಟಳು. ಸವಣೂರಿನ ಎಲೆ; ಚಪ್ಪರಿಸಿ ತಿಂದೆ.

ಸುಗ್ಗಿ ಬಂತು, ದರ ಬಿತ್ತು. ಒಂದು ಮುಂಜಾನೆ ಆಕೆ ಹತ್ತಿಯ ಗಾಡಿ ಹೊಡೆಸಿಕೊಂಡು ಬಂದು ದಲಾಲರ ಅಂಗಡಿ ಮುಂದೆ ನಿಂತಳು. ನನ್ನನ್ನು ತೋರಿಸಿ, "ಇವರ ಮಾಲು ತಂದೇನ್ರಿ" ಅಂದಳು. ನನ್ನ ಮಾತು ನಂಬಿ ಬೇರೊಬ್ಬ ವ್ಯಾಪಾರಿಯನ್ನು ಹಿಂದಕ್ಕೆ ಕಳಿಸಿದ್ದಳಂತೆ.

ನಾನು ದಲಾಲರನ್ನು ಪಕ್ಕಕ್ಕೆ ಕರೆದೆ. "ನಾ ಸುಮ್ನ ಕೇಳಿದ್ನಿರಿ. ಕಾಗದಿಲ್ಲ, ಮುಂಗಡ ಇಲ್ಲ."

"ದರ ಹೇಳಿದವರು ಯಾರ್ರಿ?"

"ನಾನ."

"ಎಲಿ ತಿಂದವರು?"

"ಅದೂ ನಾನ."

"ದರ ಹೇಳಿ ಎಲಿ ತಿಂದ್ರ ಸೌದಾ ಮುಗೀತ್ರಿ. ಒಲ್ಲೆ ಅನ್ನೂದಿದ್ರ ಆಕಿ ಮುಂದ ನಿಂತು ಅನ್ರಿ. ನನ್ನ ಮುಂದ ಯಾಕ ಅಂತೀರಿ?"

ಅನ್ನಲಾಗಲಿಲ್ಲ. ಹೇಳಿದ ದರಕ್ಕೆ ಕೊಂಡು ಬಿದ್ದ ದರಕ್ಕೆ ಮಾರಿದೆ. ನಡುವಿನ ಲುಕ್ಸಾನಿಗೆ ಸೈಕಲ್ಲು ಹೋಯಿತು. ಪುಣ್ಯಾತ್ಮ ತಮ್ಮ ದಲಾಲಿಯನ್ನೂ ಬಿಡಲಿಲ್ಲ. ಸಿಟ್ಟು ನೆತ್ತಿಗೇರಿತ್ತು. ಆದರೆ ಈ ವ್ಯವಹಾರ ಪೂರ್ತಿ ತಿಳಿಯದೆ ಊರು ಬಿಡುವುದಿಲ್ಲವೆಂದು ಹಟ ಹಿಡಿದು ಅವರ ಪಕ್ಕದಲ್ಲೇ ಕುಳಿತೆ. "ದರ ಏರತೈತಿ, ಇಳೀತೈತಿ. ಅದರ ಕೂಡ ಮಾತೂ ಏರಿಳದ್ರ ಪ್ಯಾಟಿ ನಡೀತೈತೇನ್ರಿ?" ಎನ್ನುತ್ತಿದ್ದರು. ವರ್ಷಗಳು ಕಳೆದವು, ಪ್ರಬಂಧ ಮುಗಿಯಲೊಲ್ಲದು.

ಯುದ್ಧದ ಕಾಲದಲ್ಲಿ, ಸುಗ್ಗಿಯ ಹೊತ್ತಿಗೇ, ಅವರು ಒಮ್ಮೆಲೇ ತೀರಿಕೊಂಡರು. ಆ ವರ್ಷ ಹಲವು ಹಳ್ಳಿಗಳ ಹತ್ತಿಗೆ ಬಾಯಿಮಾತಿನಲ್ಲೇ ದರ ಗೊತ್ತುಮಾಡಿ, ಅಷ್ಟೂ ಮಾಲು ಕೊಡುತ್ತೇನೆಂದು ಹತ್ತಿ ಕಾರಖಾನೆಗೆ ರುಜು ಮಾಡಿಕೊಟ್ಟಿದ್ದರು. ಈಗ ದರ ಏರಿ ಕುಳಿತಿತ್ತು. ರೈತರು ಕೈ ಎತ್ತಿದರೆ, ಏರಿದ ದರಕ್ಕೆ ಕೊಂಡು ಕಾರಖಾನೆಗೆ ತುಂಬಿಕೊಡಲು ದಲಾಲರ ಹೆಂಡತಿ ಇದ್ದ ಮನೆ ಮಾರಬೇಕಿತ್ತು. ಮಾತಿಗೆ ಸಾಕ್ಷಿಯೆಂದರೆ ಸತ್ತವರೊಬ್ಬರೇ.

ಮಣ್ಣು ಮಾಡಿದ ಮೂರನೆಯ ದಿನ ಮನೆಯ ಮುಂದೆ ಗಾಡಿಗಳ ಸಾಲು. ಮೊದಲನೆಯದರಿಂದ ಹಿರೇಬೆಂಡಿಗೇರಿಯ ಅದೇ ಹೆಣ್ಣುಮಗಳು ಇಳಿದಳು. ದಲಾಲರ ಹೆಂಡತಿಗೆ, "ಅವರು ಹೇಳಿದ ದರಕ್ಕ ತಂದೇವ್ರಿ ಯವ್ವಾ. ತೂಗಸ್ರಿ" ಅಂದಳು.

"ಪ್ಯಾಟ್ಯಾಗ ಈಗ ದರ ಭಾಳ ಐತಲ್ರಿ?" ಎಂದೆ ನಾನು.

"ಅವತ್ತ ದರ ಇಳದಿತ್ತು, ನೀವು ತಗೊಂಡ್ರಿ. ಇವತ್ತ ಏರೈತಿ, ನಾ ಕೊಡತೇನಿ."

ಕಾಗದವಿಲ್ಲದ ಕರಾರು ಕರಾರೇ ಅಲ್ಲವೆಂದು ಬರೆದಿದ್ದ ನನ್ನ ಪ್ರಬಂಧದ ಮೊದಲ ಅಧ್ಯಾಯವನ್ನು ಅಂದೇ ಹರಿದು ಹಾಕಿದೆ. ಆ ಮೊದಲ ಸುಗ್ಗಿಯಲ್ಲಿ ನನ್ನ ಲುಕ್ಸಾನು ತಾವೇ ತುಂಬಿ ಸೈಕಲ್ಲು ಉಳಿಸಿಕೊಡಲು ದಲಾಲರಿಗೆ ಕಷ್ಟವೇನಿರಲಿಲ್ಲ. ಉಳಿಸದೆ ಬಿಟ್ಟರಲ್ಲ, ಆ ಉಪಕಾರವನ್ನು ಸಾಯುವತನಕ ಮರೆಯಲಾರೆ.