ಚುಕ್ಕಿ ಸತ್ತಳೆಂದ ಫೋನು

ನಮ್ಮ ಕುಂದಾಣದ ಪಾಪಕ್ಕನಿಗೆ ಹಸುವಿನ ಮೇಲಿದ್ದಷ್ಟು ಮೋಹ ಗಂಡನ ಮೇಲಿತ್ತೋ ಇಲ್ಲವೋ, ಕೇಳುವ ಧೈರ್ಯ ನನಗಂತೂ ಬರಲಿಲ್ಲ. ಕೈಗೆ ಫೋನು ಬಂದದ್ದೇ ತಡ, ಡೈರಿಯ ವಾಟ್ಸಾಪ್ ಗುಂಪಿಗೆ ದಿನಾ ಬೆಳಗ್ಗೆ ಚುಕ್ಕಿಯ ಫೋಟೊ. ಉಳಿದವರು ದೇವರ ಪಟ ಕಳಿಸಿದರೆ ಈಕೆ ತನ್ನ ಸೀಮೆಹಸುವಿನ ಮೂತಿ ಕಳಿಸುವಳು, ಅದೂ ಹತ್ತಿರದಿಂದ.

ಆ ವರ್ಷ ಸಂಕ್ರಾಂತಿಗೆ ಚುಕ್ಕಿಯ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹೊಟ್ಟೆ ತುಂಬ ತಿನ್ನಿಸಿದಳು. ಹಸು ಬಿಸಿಲಿಗೆ ಕಾಲು ಚಾಚಿ ಮಲಗಿತು. ಪಾಪಕ್ಕ ಅದನ್ನೂ ಫೋಟೊ ತೆಗೆದು ಗುಂಪಿಗೆ ಹಾಕಿದಳು. ಎಲ್ಲರೂ ನಕ್ಕರು.

ಬೇಸಿಗೆಯಲ್ಲಿ ಚುಕ್ಕಿಯ ವಿಮೆ ಮುಂದುವರಿಸಲು ಕಂಪನಿಯಿಂದ ಚೈತ್ರ ಬಂದಳು. ಗುರುತಿಗೆಂದು ಕಿವಿಗೆ ಹಾಕುವ ನಂಬರಿನ ಓಲೆಯನ್ನಾದರೆ ಕಿತ್ತು ಇನ್ನೊಂದು ಹಸುವಿಗೆ ಹಾಕಬಹುದು, ಮೂಗನ್ನು ಕೀಳಲಾಗದು. ನಮ್ಮ ಹೆಬ್ಬೆಟ್ಟಿನ ಹಾಗೆ ಒಂದು ಹಸುವಿನ ಮೂಗಿನ ಗೆರೆ ಇನ್ನೊಂದಕ್ಕಿಲ್ಲವಂತೆ. ಹಿಂದಿನ ಸಲ ಓಲೆ ಮಾತ್ರ ನೋಡಿದ್ದರು; ಈ ಸಲ ಗುರುತಿಗೆ ಚೈತ್ರ ಚುಕ್ಕಿಯ ಮೂಗಿಗೆ ಫೋನು ಹಿಡಿದಳು. ನೋಡಿ ಮುಖ ಸಣ್ಣದು ಮಾಡಿದಳು.

"ಅಮ್ಮಾ, ಈ ಹಸು ಜನವರಿಯಲ್ಲೇ ಸತ್ತಿದೆ ಅಂತ ತೋರಿಸ್ತಿದೆ. ಬೇರೆ ಯಾರೋ ಪರಿಹಾರ ಕೇಳಿದ್ದಾರೆ."

"ಸತ್ತೋಳು ನಿನ್ ದುಪಟ್ಟ ತಿಂತಾವ್ಳೆ, ಎಳ್ಕೊ ತಾಯಿ!"

ನಗುವ ಮಾತು ನಗುವಿನಲ್ಲೇ ಮುಗಿಯಲಿಲ್ಲ. ಸುದ್ದಿ ಡೈರಿಗೆ ಹೋಯಿತು. ಸಂಜೆ ಹಾಲು ಹಾಕುವ ಸಾಲಿನಲ್ಲಿ, ಎಲ್ಲರೆದುರಿಗೆ, ಕಾರ್ಯದರ್ಶಿ ಕೆಂಪರಾಜ್ ಕೇಳಿಯೇಬಿಟ್ಟ: "ಏನಕ್ಕಾ, ಫೋಟೊ ನಿನ್ ಫೋನಿಂದಾನೇ ಹೋಗೈತಂತೆ. ನಿಂಗೂ ಪಾಲು ಬಂತಾ?"

ಅವನ ಬಾಯಿಗೆ ಬೂಸಾ ತುರುಕಬೇಕು ಅನ್ನಿಸಿತು ನನಗೆ. ಒಂದು ಲೋಟ ನೀರು ಬೆರೆಸದೆ ಇಷ್ಟು ವರ್ಷ ಹಾಲು ಹಾಕಿದವಳು ಪಾಪಕ್ಕ. ಅಂದು ಮನೆಗೆ ಹೋಗಿ ಹಸುವಿನ ಕೊರಳು ತಬ್ಬಿಕೊಂಡು ಅತ್ತಳು. ಗುಂಪಿಗೆ ಫೋಟೊ ಬರುವುದು ನಿಂತಿತು. ಬೆಳಗ್ಗೆ ಎದ್ದರೆ ನಮಗೇ ಏನೋ ಬಿಕೋ ಅನ್ನುತ್ತಿತ್ತು.

ಚೈತ್ರ ಮಾತ್ರ ಸುಮ್ಮನಿರಲಿಲ್ಲ. ಪಾಪಕ್ಕನ ಫೋನಿನ ಫೋಟೊ, ಕಂಪನಿಗೆ ಬಂದ ಫೋಟೊ ಎರಡನ್ನೂ ಪಕ್ಕಪಕ್ಕ ಇಟ್ಟಳು. ಪಾಪಕ್ಕನದರಲ್ಲಿ ಹಸುವಿನ ಹಿಂದೆ ಅವಳದೇ ಒಗೆಯುವ ಕಲ್ಲು, ಹಬ್ಬದ ರಂಗೋಲಿ. ಇನ್ನೊಂದರಲ್ಲಿ ಅವನ್ನೆಲ್ಲ ಕತ್ತರಿಸಿ, ಓಲೆಯ ನಂಬರನ್ನೂ ಬದಲಾಯಿಸಿದ್ದರು. ಅದನ್ನು ಕಳಿಸಿದ ನಂಬರು ಹುಡುಕಿದರೆ, ಡೈರಿಯ ಗುಂಪಿನಲ್ಲೇ ಇದ್ದ ಒಬ್ಬ ದಲ್ಲಾಳಿಯ ಕೈವಾಡ. ಬೆಳಗಿನ ಮೂತಿ ಫೋಟೊ ತೋರಿಸಿ ಇಲ್ಲದ ಹಸುವಿಗೆ ವಿಮೆ ಮಾಡಿಸಿದ, ಹಬ್ಬದ ದಿನ ಕಾಲು ಚಾಚಿ ಮಲಗಿದ್ದ ಫೋಟೊ ತೋರಿಸಿ ಅದನ್ನು ಸಾಯಿಸಿದ. ಫೋನಿನಲ್ಲೇ ಕದ್ದವನು ಫೋನಿನಲ್ಲೇ ಸಿಕ್ಕಿಬಿದ್ದ. ಪಾಪಕ್ಕನಿಗೆ ಏನೂ ಗೊತ್ತಿರಲಿಲ್ಲವೆಂದು ಅವನೇ ಬಾಯಿಬಿಟ್ಟ.

ಮರುದಿನ ಸಂಜೆ ಹಾಲಿನ ಸಾಲಿನಲ್ಲಿ ಕೆಂಪರಾಜ್ ಪಾಪಕ್ಕನ ಹತ್ತಿರ ಬಂದು ಪಿಸುಗುಟ್ಟಿದ: "ತಪ್ಪಾಯ್ತು ಕಣಕ್ಕ."

"ನನ್ ಕಿವಿಗ್ಯಾಕಪ್ಪಾ ಹೇಳ್ತೀಯ? ಅವತ್ತು ಸಾಲಲ್ಲಿ ಕೇಳ್ದೆ. ಇವತ್ತು ಸಾಲಿಗೇ ಹೇಳು."

ಕೆಂಪರಾಜ್ ಕೆಮ್ಮಿದ, ತಲೆ ಕೆರೆದುಕೊಂಡ, ಕೊನೆಗೆ ಹಿಂದಿನವರಿಗೂ ಕೇಳುವಂತೆ ಹೇಳಿದ. ಅವನು ಹೇಳಿ ಮುಗಿಸುವವರೆಗೂ ಪಾಪಕ್ಕ ಕ್ಯಾನಿನ ಮುಚ್ಚಳ ತೆಗೆಯಲಿಲ್ಲ.