ಬೀಗದವನ ತಂಗಿಯ ಬಾಗಿಲು

ನನ್ನ ಗಂಡ ಬೀಗ ರಿಪೇರಿಯವನು. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟೇ ಅಂಗಡಿ. ಕೀಲಿ ಕಳೆದುಕೊಂಡವರ ಬಾಗಿಲನ್ನು ತಂತಿ ಹಾಕಿ ಎರಡು ನಿಮಿಷದಲ್ಲಿ ತೆಗೆಯುತ್ತಾನೆ. ಇಂಥವನಿಗೆ ಒಬ್ಬಳೇ ತಂಗಿಯ ಬಾಗಿಲು ಮಾತ್ರ ಹತ್ತು ವರ್ಷದಿಂದ ತಲೆನೋವು.

ನನ್ನ ನಾದಿನಿಗೆ ಯಾರ ಮೇಲಾದರೂ ಸಿಟ್ಟು ಬಂದರೆ ಮೊದಲು ಮನೆಯ ಬೀಗ ಬದಲಾಗಬೇಕು. ಬದಲಾಯಿಸುವವನು ಅಣ್ಣನೇ. ಆಫೀಸಿನ ಗೆಳತಿ ಸೋಮವಾರ ದೇವತೆ; ಫೋನ್ ಎತ್ತುವುದು ತಡವಾದರೆ ಬುಧವಾರ ರಾಕ್ಷಸಿ. ಕಳೆದ ವರ್ಷವೊಂದರಲ್ಲೇ ಏಳು ಬೀಗ. ನೀವೇ ನನಗೆ ತಾಯಿ ಎಂದು ನನ್ನನ್ನು ತಬ್ಬಿಕೊಂಡವಳು ವಾರ ಕಳೆಯುವುದರೊಳಗೆ ಅಣ್ಣನನ್ನು ಕಿತ್ತುಕೊಂಡವಳು ಎಂದು ಜರೆದಳು. ನಾನು ಮಾಡಿದ ಘನಂದಾರಿ ತಪ್ಪೆಂದರೆ ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ತಡವಾಗಿ ಹೋದದ್ದು.

ಈ ಸಲ ಸರದಿ ಗಂಡನದು. ಗಿರಾಕಿ ಇದ್ದಾರೆ, ಆಮೇಲೆ ಮಾತಾಡುತ್ತೇನೆ ಎಂದನಂತೆ. ನನ್ನ ಮನೆ ಮೆಟ್ಟಿಲು ಹತ್ತಬೇಡ ಎಂದು ಅವಳು ಫೋನ್ ಇಟ್ಟಳು. ಇವನು ಅಂಗಡಿ ಬಿಟ್ಟು ಎದ್ದೆನೋ ಬಿದ್ದೆನೋ ಎಂದು ಓಡಿದ. ಹೋಗು ಎಂದು ಅವಳು ಒಳಗಿಂದ ಕೂಗುತ್ತಿದ್ದರೂ ತಂತಿ ಹಾಕಿ ಬಾಗಿಲು ತೆಗೆದೇಬಿಟ್ಟ. ಬೀಗದವನಲ್ಲದೆ ಇನ್ಯಾರು ಮಾಡಿಯಾರು ಈ ತಪ್ಪು? ಅವಳು ಎಸೆದ ಎರಡು ಬಟ್ಟಲು ಇವನೆದುರಿಗೇ ಒಡೆದವು, ಅಣ್ಣ ತಂಗಿಯ ಮಾತು ನಿಂತಿತು.

ಅವಳೇ ಹಿಂದೊಮ್ಮೆ ನಮ್ಮನ್ನು ಕರೆದುಕೊಂಡು ಹೋಗಿದ್ದ ಮನೋರೋಗದ ಡಾಕ್ಟರ ಹತ್ತಿರ ಮತ್ತೆ ಹೋದೆವು. ಅವಳ ಕಾಯಿಲೆಯ ಹೆಸರು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್. ತನ್ನವರು ಬಿಟ್ಟುಹೋಗುತ್ತಾರೆಂಬ ಭಯ ಅವಳಿಗೆ ಸದಾ ಇರುತ್ತದೆ, ಅದು ನಾಟಕವಲ್ಲ ಎಂದರು. ಕರೆದಾಗಲೆಲ್ಲ ಓಡಬೇಡಿ, ಮುನಿದು ಮಾಯವೂ ಆಗಬೇಡಿ. ಹೊತ್ತು ಹೇಳಿ, ಅದೇ ಹೊತ್ತಿಗೆ ಬನ್ನಿ, ಅದೇ ಹೊತ್ತಿಗೆ ಹೊರಡಿ ಎಂದರು. ನನಗೆ ಮೈಯೆಲ್ಲ ಉರಿಯಿತು. ಭಯ ಅವಳದು, ಏಟು ತಿನ್ನುವವರು ನಾವು.

ಗುರುವಾರ ನಾಲ್ಕರಿಂದ ಐದು ಎಂದು ಇವನು ಅವಳಿಗೆ ಸಂದೇಶ ಕಳಿಸಿದ. ಇವನನ್ನು ನಂಬಲಾರದೆ ನಾನೂ ಜೊತೆಗೆ ಹೊರಟೆ. ಬಾಗಿಲಿಗೆ ಬೇರೆ ಯಾರೋ ಹಾಕಿದ ಹೊಸ ಬೀಗ. ಎಂಥ ಕಳಪೆ ಮಾಲು ಎಂದು ಗೊಣಗುತ್ತ ಇವನ ಕೈ ಜೇಬಿಗೆ ಹೋಯಿತು. ನಾನು ದುರುಗುಟ್ಟಿ ನೋಡಿದ ಮೇಲೆ ತಂತಿ ತೆಗೆದು ನನ್ನ ಕೈಗೆ ಕೊಟ್ಟು ಮೆಟ್ಟಿಲ ಮೇಲೆ ಕೂತ.

"ತೆಗಿಯೋಕೆ ಬರುತ್ತಲ್ಲ ನಿಂಗೆ, ತೆಗಿ ನೋಡೋಣ," ಎಂದಳು ಒಳಗಿಂದ.

"ಬರುತ್ತೆ. ಆದ್ರೆ ನೀನೇ ತೆಗೀಬೇಕು. ಐದರವರೆಗೂ ಇಲ್ಲೇ ಇರ್ತೀನಿ. ಆಗ್ಲಿಲ್ಲ ಅಂದ್ರೆ ಮುಂದಿನ ಗುರುವಾರ ಬರ್ತೀನಿ."

ಆಮೇಲೆ ಬಂದ ಬೈಗುಳವನ್ನು ಬರೆಯಲಾರೆ. ಐದಾದ ಕೂಡಲೇ, ಹೊರಟೆ ಎಂದು ಹೇಳಿ ಇವನು ಎದ್ದ. ದಾರಿಯುದ್ದಕ್ಕೂ ನಾನು ರೇಗಿದೆ: ಸಾಕು, ಬಿಟ್ಟುಬಿಡು, ನಮಗೂ ಒಂದು ಬದುಕಿದೆ.

"ನಾನೂ ಬಿಟ್ರೆ, ಅವಳು ಇಷ್ಟು ದಿನ ಹೆದರಿದ್ದೇ ನಿಜ ಆಗುತ್ತಲ್ಲ," ಎಂದ. ಆ ಮಾತಿಗೂ ನನಗೆ ಸಿಟ್ಟೇ ಬಂತು.

ಎರಡನೆಯ ಗುರುವಾರವೂ ಹಾಗೇ. ಮೂರನೆಯದೂ. ನಾಲ್ಕನೆಯ ವಾರ ಬೆನ್ನು ನೋವೆಂದು ನರಳುತ್ತಲೇ ಇವನು ಮೆಟ್ಟಿಲು ಹತ್ತಿದ.

ಬಾಗಿಲು ಮುಚ್ಚಿಯೇ ಇತ್ತು. ಅದರ ಹೊರಗೆ ಅವಳ ಅಡುಗೆಮನೆಯ ಕುರ್ಚಿ, ಮೇಲೊಂದು ದಿಂಬು.

ಕುರ್ಚಿ ಒಂದೇ. ನಾನು ಮೆಟ್ಟಿಲ ಮೇಲೆ ಕೂತೆ.