ಲಾರಿಗಿಂತ ಮುಂಚೆ ಹೊರಟ ಚೀಲ

ನಮ್ಮ ಲಾರಿಗೆ ಮೊದಲ ಸಲ ಹೊರರಾಜ್ಯದ ಬಾಡಿಗೆ ಸಿಕ್ಕಿದ್ದು ಅರವತ್ತರ ದಶಕದ ಕೊನೆಯ ಒಂದು ಬೇಸಗೆಯಲ್ಲಿ. ಬಸ್ರೂರಿನ ಕಡೆಯ ಒಂದು ಹಂಚಿನ ಕಾರ್ಖಾನೆಯಿಂದ ಕೊಲ್ಹಾಪುರಕ್ಕೆ ಹಂಚು ಮುಟ್ಟಿಸಬೇಕಿತ್ತು. ಈ ಲೋಡು ಹೇಳಿದ ದಿನಕ್ಕೆ ತಲುಪಿದರೆ ಮಳೆ ಹಿಡಿಯುವವರೆಗೂ ಆ ಕಡೆಯ ಲೋಡೆಲ್ಲ ನಮಗೇ ಎಂದು ಕಾರ್ಖಾನೆಯವರು ಮಾತು ಕೊಟ್ಟಿದ್ದರು. ಕಾಗದ ಸರಿಯಿಲ್ಲವೆಂದು ದಾರಿಯಲ್ಲಿ ಯಾರಾದರೂ ಲಾರಿ ನಿಲ್ಲಿಸಿಕೊಂಡರೆ ಅದೇ ಮೊದಲು, ಅದೇ ಕೊನೆ.

ಲಾರಿ ಓಡಿಸುವುದು ಇವರ ಕೆಲಸ, ಕಾಗದ ನನ್ನದು. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಕಲಿಸಿದ ಇಂಗ್ಲಿಷು ಮದುವೆಯಾದ ಮೇಲೆ ಉಪಯೋಗಕ್ಕೆ ಬಂದದ್ದು ಪರ್ಮಿಟ್ ಅರ್ಜಿ ತುಂಬುವುದಕ್ಕೆ. ನಮ್ಮ ಮೈಸೂರು ರಾಜ್ಯದ ಪರ್ಮಿಟ್ಟಿಗೆ ಮಹಾರಾಷ್ಟ್ರದವರ ರುಜುವೂ ಬೀಳಬೇಕು; ಯಾವ ಯಾವ ಊರಿನ ಮೇಲೆ ಹೋಗುತ್ತೇವೆ ಎಂದು ಮೊದಲೇ ಬರೆಯಬೇಕು. ಗೆರೆ ಎಳೆದು, ನೀಲಿ ಶಾಯಿಯಲ್ಲಿ ಬರೆದೆ: ಕುಂದಾಪುರ, ಬೈಂದೂರು, ಕೊಲ್ಲೂರು, ಘಾಟಿ ಹತ್ತಿ ಸಾಗರ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ. ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಕಡ್ಡಾಯ ಎಂದು ತಿಳಿದುಕೊಂಡು, ನಿಲ್ಲಬೇಕಾದ ಊರುಗಳನ್ನೂ ಒಂದು ಚೀಟಿಯಲ್ಲಿ ಗುರುತು ಮಾಡಿದೆ. ಪರ್ಮಿಟ್, ಟ್ಯಾಕ್ಸಿನ ರಶೀದಿ, ಇನ್ಶೂರೆನ್ಸ್ ಎಲ್ಲ ಇಡಲು ಹಳೆಯ ಪರದೆಯ ಬಟ್ಟೆಯಲ್ಲಿ ಒಂದು ಚೀಲ ಹೊಲಿದು, ದೇವರ ಕೋಣೆಯ ಮೊಳೆಗೆ ತೂಗುಹಾಕಿದೆ. ಪರ್ಮಿಟ್ ಶುಕ್ರವಾರದಿಂದ ಏಳು ದಿನಕ್ಕೆ.

ಶುಕ್ರವಾರ ಪ್ರಯಾಣಕ್ಕೆ ಒಳ್ಳೆಯ ದಿನವಲ್ಲ ಎಂದರು ನಮ್ಮತ್ತೆ. ಆಫೀಸಿನವರು ಪಂಚಾಂಗ ನೋಡಿ ತಾರೀಕು ಹಾಕುತ್ತಾರೆಯೇ? ಅದಕ್ಕೂ ನಮ್ಮಲ್ಲಿ ಉಪಾಯವಿತ್ತು. ಒಳ್ಳೆಯ ದಿನವೇ ಒಂದು ಗಂಟು ಕಟ್ಟಿ, ಹೋಗುವ ದಾರಿಯಲ್ಲಿರುವ ಯಾರದಾದರೂ ಮನೆಯಲ್ಲಿಟ್ಟು ಬರುವುದು. ಆಮೇಲೆ ಹೊರಟವರು ಅದನ್ನು ಎತ್ತಿಕೊಂಡು ಹೋದರೆ ಪ್ರಯಾಣ ಶುರುವಾದದ್ದು ಆ ಒಳ್ಳೆಯ ದಿನವೇ ಎಂದು ಲೆಕ್ಕ. ಪ್ರಸ್ಥಾನ ಇಡುವುದು ಎನ್ನುತ್ತಾರೆ. ಬುಧವಾರ ಅತ್ತೆ ಬಸ್ಸಿನಲ್ಲಿ ಬೈಂದೂರಿಗೆ, ಮಗಳ ಮನೆಗೆ ಹೋಗಿ ಪ್ರಸ್ಥಾನ ಇಟ್ಟು ಬಂದರು. ಅಕ್ಕಿ, ಅರಿಶಿನ, ಒಂದು ನಾಣ್ಯ ಕಟ್ಟಿಕೊಂಡು ಹೋಗಿರಬೇಕು ಎಂದುಕೊಂಡೆ.

ಗುರುವಾರ ಸಂಜೆ ಇವರು ನನ್ನ ಚೀಟಿ ನೋಡಿ ನಕ್ಕರು.

"ಬೈಂದೂರಿಗೆ ಎಂತಕ್ ಸುತ್ತ್ ಹಾಕುದ್? ಹೆಮ್ಮಾಡಿಯಗೆ ತಿರ್ಗಿ ವಂಡ್ಸೆ ಮೇಲೆ ಹೋರೆ ಸೀದಾ ಕೊಲ್ಲೂರ್."

"ಆ ದಾರಿ ಮೋರಿ ಸಪೂರ, ಲೋಡ್ ಲಾರಿಗೆ ಕಷ್ಟ ಅಂದೇ ನಾನ್ ಬೈಂದೂರ್ ಬರ್ದದ್ದ್. ಈಗ ಪರ್ಮಿಟಂಗೂ ಅದೇ ಇತ್ತ್."

"ಆ ಕಾಡಂಗೆ ನಿನ್ ಪರ್ಮಿಟ್ ಓದುಕೆ ಹುಲಿ ಬತ್ತಾ?"

"ಹುಲಿ ಬಂದ್ರೂ ಕಾಗ್ದ ಸಮಾ ಇರ್ಕ್."

ನನ್ನ ಮಾತು ನಾಟಿದಂತೆ ಕಾಣಲಿಲ್ಲ; ಪ್ರಸ್ಥಾನವನ್ನು ನಂಬದ ಇವರಿಗೆ ಆ ಗಂಟಿನ ಮಾತು ಹೇಳಿಯೂ ಪ್ರಯೋಜನವಿರಲಿಲ್ಲ. ಅವರು ಕೈ ತೊಳೆಯಲು ಎದ್ದಾಗ ಚೀಟಿಯಲ್ಲಿ ಬೈಂದೂರಿನ ಮುಂದೆ ಸಣ್ಣದಾಗಿ ಸೇರಿಸಿದೆ: 'ತಂಗಿ ಮನೆ. ಉದ್ದಿನ ದೋಸೆ, ಕಾಫಿ.'

ಬೆಳಿಗ್ಗೆ ಲೋಡು ತುಂಬಿಸಲು ಬಸ್ರೂರಿಗೆ ಹೊರಡುವಾಗ "ಕಾಗ್ದ?" ಎಂದರು. "ದೇವ್ರ ಕೋಣಿಯಗೆ" ಎಂದು ಬುತ್ತಿಯ ಚೀಲ ಕೈಗೆ ಕೊಟ್ಟು ಹಾಲು ಉಕ್ಕೀತೆಂದು ಒಳಗೆ ಓಡಿದೆ. ಅವರು ಮೊಳೆ ನೋಡಿದರಂತೆ, ಬರಿದಾಗಿತ್ತಂತೆ. ಬುತ್ತಿಯ ಜೊತೆಗೇ ಇಟ್ಟಿದ್ದಾಳೆ ಎಂದುಕೊಂಡು ಹೊರಟರು. ದಿನವೂ ಅತ್ತೆಯೇ ಹಚ್ಚುವ ದೀಪವನ್ನು ಅಂದು ಹನ್ನೊಂದು ಗಂಟೆಗೆ ಹಚ್ಚಲು ಹೋದಾಗ ನಾನೂ ಮೊಳೆ ನೋಡಿದೆ, ತೆಗೆದುಕೊಂಡು ಹೋಗಿದ್ದಾರೆ ಎಂದುಕೊಂಡೆ. ಹಿಂದಿನಿಂದ ಅತ್ತೆ ಕೇಳಿದರು:

"ಹೆಣೆ, ಮಗ ಬೈಂದೂರಿಗೆ ಮುಟ್ಟಿರ್ಕಲ್ದಾ? ಚೀಲ ತಕಂಡ್ ಹೋಯ್ಕಲೆ."

"ಯಾವ್ ಚೀಲ ಅತ್ತೆ?"

"ನೀನ್ ಹೊಲ್ದದ್ದೇ ಚೀಲ. ಅಕ್ಕಿ ಕಟ್ಟಿಟ್ರೆ ಅಂವ ಮರ್ತ್ ಹೋತ. ಲಾರಿ ಹೋಪುಕೆ ಯಾವ್ದ್ ಬೇಕೋ ಅದನ್ನೇ ಪ್ರಸ್ಥಾನ ಇಟ್ಟ್ ಬಂದೆ."

"ಅವ್ರಿಗೆ ಹೇಳಿದ್ರ್ಯಾ?"

"ತಂಗಿ ಮನಿಗ್ ಹೊಕ್ಕಿ ಹೋಗ್ ಅಂದಿದೆ ನಾನ್. ಸಾಕಲ್ದಾ?"

ಬತ್ತಿಯನ್ನು ಎಣ್ಣೆಯಲ್ಲೇ ಬಿಟ್ಟು ಎದ್ದೆ. ಇವರು ಹೆಮ್ಮಾಡಿಯಲ್ಲಿ ವಂಡ್ಸೆಯ ಕಡೆ ತಿರುಗಿದ್ದರೆ, ಒಂದು ತುಂಡು ಕಾಗದವಿಲ್ಲದ ಲಾರಿ ಘಾಟಿ ಹತ್ತುತ್ತಿತ್ತು.

ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದೆ. ಕಿಟಕಿಯ ಬದಿ ಸಿಕ್ಕಿತು. ಹಂಚು ಒಡೆಯದಿರಲೆಂದು ಸಾಲುಗಳ ನಡುವೆ ಬೈಹುಲ್ಲು ತುರುಕುತ್ತಾರೆ. ಹಂಚಿನ ಲಾರಿ ಹೋದಲ್ಲೆಲ್ಲ ಒಂದೆರಡು ಎಳೆ ಬೀಳದೆ ಇರುವುದಿಲ್ಲ. ಸೇತುವೆ ದಾಟಿದಾಗಿನಿಂದ ರಸ್ತೆಯಲ್ಲಿ ಅಲ್ಲೊಂದು ಇಲ್ಲೊಂದು ಹಳದಿ ಎಳೆ ಕಾಣುತ್ತಿತ್ತು. ಹೆಮ್ಮಾಡಿಯಲ್ಲಿ ಬಸ್ಸು ನಿಂತಾಗ ಕತ್ತು ಹೊರಹಾಕಿ ಬಲಗಡೆಯ ವಂಡ್ಸೆ ದಾರಿ ನೋಡಿದೆ. ಕೆಂಪು ಧೂಳು, ಒಂದು ಕೋಳಿ, ಮತ್ತೇನಿಲ್ಲ. ಹುಲ್ಲೇನಾದರೂ ಬಿದ್ದಿದ್ದರೆ ಅಷ್ಟರಲ್ಲಿ ದನ ತಿಂದಿರಬಹುದಲ್ಲ? ಬಸ್ಸು ಮುಂದೆ ಹೋಯಿತು. ಒಂದು ಫರ್ಲಾಂಗು ಏನೂ ಕಾಣಲಿಲ್ಲ. ಆಮೇಲೆ ಗೇರು ಮರದ ತಿರುವಿನಲ್ಲಿ, ಟಾರಿನ ಅಂಚಿಗೆ, ಬೆರಳುದ್ದದ ಹುಲ್ಲು ಗಾಳಿಗೆ ಹೊರಳುತ್ತಿತ್ತು. ಅಷ್ಟು ಚಂದದ ಹುಲ್ಲನ್ನು ನಾನು ಆಮೇಲೆ ಕಂಡಿಲ್ಲ. ಹೆದರಿಕೆ ಇಳಿದು, ಮುಂದೆ ಮರವಂತೆಯ ಸಮುದ್ರವನ್ನೂ ನೋಡಿದೆ.

ಬೈಂದೂರಿನಲ್ಲಿ ನಾದಿನಿಯ ಮನೆಯೆದುರು ಲಾರಿ ನಿಂತಿತ್ತು. ಜಗಲಿಯಲ್ಲಿ ಇವರು ದೋಸೆಗೆ ಬೆಲ್ಲ ಹಚ್ಚುತ್ತಿದ್ದರು. ಪಕ್ಕದಲ್ಲಿ ಚೀಲ, ಅದರ ಬಾಯಿಗೆ ಅತ್ತೆ ಸಿಕ್ಕಿಸಿದ ತುಳಸಿ ಒಣಗಿತ್ತು.

ನಾದಿನಿ ನನ್ನನ್ನು ಕಂಡು ಬಾಗಿಲಿಂದಲೇ ಕೂಗಿದಳು: "ಹ್ವಾಯ್ ಅಣ್ಣಾ, ಕಾಣ್! ಅತ್ಗಿಗೆ ನಿನ್ನ ಬಿಟ್ಟ್ ಅರ್ಧ ದಿನ ಇಪ್ಪುಕಾತಿಲ್ಲೆ!"

"ನೀವ್ ವಂಡ್ಸೆ ಮೇಲೆ ಹೋಯಿಲ್ಲೆ?" ಎಂದೆ.

"ನಾನ್ ಹೋಯ್ಕ್ ಅಂದೇ ಇದ್ದಿದೆ. ಹೆಮ್ಮಾಡಿಯಗೆ ಸ್ಟೇರಿಂಗ್ ತಿರ್ಗ್ಸುಕ್ ಹೋಪತ್ತಿಗೆ ನಿನ್ ಚೀಟಿ ಕಣ್ಣಿಗ್ ಬಿತ್ತ್ ಮರಾಯ್ತಿ. ದೋಸೆ ಅಂದ್ ನೀನ್ ಬರ್ದಿದ್ದೆ. ಕಾನೂನ್ ಬಿಡ್ಲಕ್ಕ್, ದೋಸೆ ಬಿಡುಕಾತ್ತಾ?" ಎಂದವರು ಚೀಲ ಮುಟ್ಟಿ ನೋಡಿ, ದನಿ ತಗ್ಗಿಸಿದರು. "ಇದ್ ಇಲ್ಲಿತ್ತ್ ಅಂದ್ ಗೊತ್ತೇ ಇಲ್ಲೆ ನಂಗೆ."

ನಾನು ಅಲ್ಲೇ ಕುಳಿತು ಕಾಗದಗಳನ್ನು ಒಂದೊಂದಾಗಿ ತೆಗೆದು ನೋಡಿ, ಮತ್ತೆ ಒಳಗಿಟ್ಟೆ. ಇವರು ತಮ್ಮ ತಟ್ಟೆಯ ಕೊನೆಯ ದೋಸೆಯನ್ನು ನನ್ನ ಕಡೆ ಸರಿಸಿದರು.

ಆರನೆಯ ದಿನ ಲಾರಿ ಹಿಂತಿರುಗಿತು. ಪರ್ಮಿಟ್ಟಿನ ಹಿಂದೆ ಚೆಕ್‌ಪೋಸ್ಟಿನ ನೇರಳೆ ಮುದ್ರೆ ಸ್ವಲ್ಪ ಓರೆಯಾಗಿ ಬಿದ್ದಿತ್ತು. ಮುಂದಿನ ವಾರದ ಲೋಡೂ ನಮಗೇ ಬಂತು. ಆ ಸಲ ಶುಭದಿನವೇ ಸಿಕ್ಕಿತ್ತು, ಪ್ರಸ್ಥಾನ ಬೇಡ ಎಂದರು ಅತ್ತೆ.

"ಇರ್ಲಿ ಅತ್ತೆ," ಎಂದು ಚೀಲವನ್ನು ನಾನೇ ಅವರ ಕೈಗೆ ಕೊಟ್ಟೆ. "ಬೈಂದೂರಂಗೇ ಇಟ್ಟ್ ಬನ್ನಿ."